ಹತ್ತು ಮಾರು ಹಗ್ಗ

“ಮೇಡಂ, ಆ ಬಿರುಕಿನ ಮ್ಯಾಲ ಕಾಲಿಡಬ್ಯಾಡ್ರಿ!”

ಎ.ಎಸ್.ಐ. ಇಂದ್ರವ್ವ ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆದಳು. ಐವತ್ನಾಲ್ಕರ ದೇಹ, ಒಂಟಿಗಾಲು, ಮೇಲೆ ಇಸ್ತ್ರಿ ಮಾಡಿದ ಖಾಕಿ. ಪೇದೆ ಜಟ್ಟೆಪ್ಪ ಮುಖ ತಿರುಗಿಸಿ ನಗು ನುಂಗಿಕೊಂಡ. ಕೂಗಿದವನು ಅವನ ಪಕ್ಕದಲ್ಲಿ ಕೈಗೆ ಬೇಡಿ ಹಾಕಿಸಿಕೊಂಡು ನಿಂತಿದ್ದ ಮಾಳಪ್ಪ, ಹಿನ್ನೀರಿಗೆ ಬರುವವರಿಗೆ ಹಕ್ಕಿ ತೋರಿಸುವ ಗೈಡ್.

ಎದುರಿಗೆ ಮಲಪ್ರಭೆಯ ಹಿನ್ನೀರು ಇಳಿದು ಬಿಟ್ಟುಹೋದ ಬಯಲು. ಎಡಕ್ಕೆ ಬಿಸಿಲಿಗೆ ಒಣಗಿ ಅಂಗೈ ಅಗಲ ಬಿರಿದ ನೆಲ, ಬಲಕ್ಕೆ ನೀರು ಜಿನುಗುತ್ತ ಮಿನುಗುವ ರಾಡಿಯ ಪಟ್ಟಿ. ಸಂಗೊಳ್ಳಿಯ ಎರೆಹೊಲದಲ್ಲಿ ಬೆಳೆದ ಇಂದ್ರವ್ವನಿಗೆ ಯಾವುದು ಗಟ್ಟಿ, ಯಾವುದು ಹಸಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರೆನೆಲ ಹೀಗೆ ಬಿರಿಯಿತೆಂದರೆ ತುಂಬಿದ ಚಕ್ಕಡಿಯನ್ನೇ ಓಡಿಸಬಹುದು.

“ಯಾಕೋ? ಒಣಗಿ ಬಿರದೈತಲ್ಲ?”

“ಇದು ನಿಮ್ಮ ಎರಿ ಹೊಲ ಅಲ್ರಿ. ಹೊಳಿ ತಂದು ಒಟ್ಟಿದ ಹೂಳು. ಮ್ಯಾಲ ಹಪ್ಪಳ, ಕೆಳಗ ಅಂಬಲಿ.” ಮಾಳಪ್ಪ ಕಾಲಿನಿಂದ ಒಂದು ಕಲ್ಲು ಒದ್ದ. ಅದು ಬಿರುಕಿನ ನೆಲದ ಮೇಲೆ ಬಿದ್ದು, ಪದರ ಒಡೆದು, ಬುಳಕ್ ಎಂದು ಒಳಗೆ ಹೋಯಿತು. “ಮಿಂಚಾಕ ಹತ್ತೇತಲ್ರಿ, ಅದರ ಕೆಳಗ ಮುಳುಗಿದ ಊರಿನ ಚಕ್ಕಡಿ ದಾರಿ. ಕಲ್ಲು ಹಾಸೇತಿ, ಅದಕ್ಕ ನೀರು ಇಂಗಂಗಿಲ್ಲ. ಅಲ್ಲೆ ನಡದ್ರ ಹಿಮ್ಮಡ ಮುಳುಗತೈತಿ, ಅಷ್ಟ.”

ಕಲ್ಲು ಹೋದ ತೂತಿನಲ್ಲಿ ಎರಡು ಗುಳ್ಳೆ ಎದ್ದವು. ಇಂದ್ರವ್ವ ಕಾಲನ್ನು ಹಿಂದಕ್ಕೆ ಇಟ್ಟಳು. ಅವಳಿಗೆ ನಿಜಕ್ಕೂ ಭಯವಾಗಿತ್ತು, ಭಯವಾದಾಗೆಲ್ಲ ಬರುವ ಸಿಟ್ಟೂ ಬಂದಿತ್ತು.

ನಿನ್ನೆ ಮುಂಜಾನೆ ಬೈಲಹೊಂಗಲದ ಜಮೀನ್ದಾರ ನಿಜಗುಣಪ್ಪ ಇದೇ ಬಿರುಕಿನ ನೆಲದಲ್ಲಿ ಎದೆಮಟ್ಟ ಹೂತು, ಮುಖ ರಾಡಿಗೆ ಬಿದ್ದು ಸತ್ತಿದ್ದ. ಎರಡು ಜೋಡಿ, ಒಂದು ಜೀಪು, ಎರಡು ಡೇರೆಯ ಪ್ರವಾಸ ಅದು. ನಿಜಗುಣಪ್ಪ, ಅವನ ಹೆಂಡತಿ ರಾಜೇಶ್ವರಿ. ಗೆಳೆಯ ವಿರೂಪಾಕ್ಷ, ಅವನ ಹೆಂಡತಿ ಉಮಾಶ್ರೀ. ಕಿತ್ತೂರಿನ ಕೋಟೆ, ದೇಗಾಂವದ ಗುಡಿ ನೋಡಿಕೊಂಡು ಬಂದು, ಸವದತ್ತಿಯ ಹಿನ್ನೀರಿನ ದಂಡೆಗೆ ಡೇರೆ ಹಾಕಿದ್ದರು. ಮುಂದಿನ ಊರು ರಾಮದುರ್ಗ.

ವಿರೂಪಾಕ್ಷ ಮತ್ತು ಉಮಾಶ್ರೀಯ ಹೇಳಿಕೆ ಒಂದೇ: ಗೈಡ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಜೀವ ಉಳಿಸಲು ಒಂದು ಹಗ್ಗವನ್ನೂ ಇಟ್ಟಿರಲಿಲ್ಲ. ರಾಜೇಶ್ವರಿ ತಲೆನೋವೆಂದು ಡೇರೆಯಲ್ಲಿ ಮಲಗಿದ್ದೆ, ಏನೂ ಗೊತ್ತಿಲ್ಲ ಎಂದಿದ್ದಳು. ಹೆಣ ಎತ್ತಿದ ಕೂಡಲೇ ವಿರೂಪಾಕ್ಷ ಬೂಟು ಕೈಗೆ ತೆಗೆದುಕೊಂಡು ಮಾಳಪ್ಪನ ಮುಖಕ್ಕೆ ಹೊಡೆದಿದ್ದ. ಮಾಳಪ್ಪನ ಬಲಗಣ್ಣು ಇನ್ನೂ ಬಾತು ಮುಚ್ಚಿಕೊಂಡೇ ಇತ್ತು.

“ಹಗ್ಗ ಇತ್ತು ಅಂತಾನಲ್ಲ, ತೋರಸ್ರಿ. ತೋರಿಸಿದ್ರ ಆ ಕ್ಷಣ ಬಿಡ್ತೇನಿ. ಇಲ್ಲಾಂದ್ರ ನಾಳಿ ಸಂಜಿ ಐದಕ್ಕ ಕೋರ್ಟಿಗೆ ಒಯ್ಯೋದ,” ಎಂದಿದ್ದರು ಠಾಣೆಯ ಸಾಹೇಬರು, ನಿನ್ನೆ ಎಲ್ಲರ ಎದುರಿಗೇ. ಬಡವನ ಕುತ್ತಿಗೆ ಕೈಗೆ ಸಿಕ್ಕಿರುವಾಗ ಇನ್ನೊಬ್ಬರ ಕುತ್ತಿಗೆ ಹುಡುಕುವ ಉಸಾಬರಿ ಯಾರಿಗೆ ಬೇಕು? ಇಂದ್ರವ್ವನಿಗೆ ಬೇಕಾಗಿತ್ತು. ನಿವೃತ್ತಿಗೆ ಆರು ವರ್ಷ ಉಳಿದಿದ್ದರೂ ಅವಳಿಗೆ ಇನ್ನೂ ಬುದ್ಧಿ ಬಂದಿಲ್ಲವೆಂದು ಠಾಣೆಯಲ್ಲೇ ಮಾತಿತ್ತು.

“ಹಗ್ಗ ಎಲ್ಲೆ ಇರ್ತಿತ್ತು, ತೋರ್ಸು.”

ದಾರಿಯ ಬಾಯಿಗೆ ಒಂದು ಕಲ್ಲುಕಂಬ, ಅದಕ್ಕೊಂದು ಕಬ್ಬಿಣದ ಬಳೆ. ಬಳೆಯಲ್ಲಿ ಕೊಳೆತ ಹಳೇ ಗಂಟೊಂದು ಮಾತ್ರ ಉಳಿದಿತ್ತು.

“ಇದು ಹೋದ ವರ್ಷದ್ದರಿ. ಯಾರೋ ಹಗ್ಗ ಕೊಯ್ಕೊಂಡು ಹೋಗಿದ್ರು, ಗಂಟು ಹಂಗ ಉಳೀತು. ಆಮ್ಯಾಲ ಹೊಸಾದು ತಂದು ಕಟ್ಟಿದ್ದೆ. ಹತ್ತು ಮಾರಿಂದು. ದೂರದಿಂದ ಕಾಣ್ಲಿ ಅಂತ ನಮ್ಮವ್ವ ಬಾಯವ್ವನ ಸೀರಿಯ ಕೆಂಪು ಅಂಚು ಹೆಣದಿದ್ದೆ. ನಿನ್ನೆ ಚೀರಿದ್ದು ಕೇಳಿ ಓಡಿ ಬಂದೆ, ಬಳಿ ಬರಿದ ಇತ್ತು. ಊರಿಗೆ ಓಡಿ ಹಗ್ಗ ತರೂದ್ರಾಗ…”

“ಬಳ್ಯಾಗ ಸುಮ್ನ ತೂಗ ಹಾಕಿದ್ದೇನು? ಕಳ್ಳರಿಗೆ ಅನುಕೂಲ ಆಗ್ಲಿ ಅಂತ?”

ಮಾಳಪ್ಪನ ಒಂದೇ ಕಣ್ಣು ಹೊಳೆಯಿತು. “ಸುಮ್ನ ಕಟ್ಟಾಂವ ಅಲ್ರಿ ನಾ. ನಮ್ಮ ಮೀನುಗಾರರ ಗಂಟದು. ಎಳದಷ್ಟೂ ಬಿಗೀತೈತಿ. ನಾ ಕಟ್ಟಿದ್ದನ್ನ ನಾನ ಬಿಚ್ಚಬೇಕು. ಬ್ಯಾರೇದವ್ರು ಕೊಯ್ಬೇಕು, ಅಷ್ಟ.” ಬೇಡಿ ಹಾಕಿದ ಕೈಯಲ್ಲೇ ಜಟ್ಟೆಪ್ಪನ ಲಾಠಿಯ ದಾರವನ್ನು ಬಳೆಗೆ ಸುತ್ತಿ ಒಂದು ಗಂಟು ಹಾಕಿ ತೋರಿಸಿದ. ಜಟ್ಟೆಪ್ಪ ಬಿಚ್ಚಲು ಹೋಗಿ ಉಗುರು ಮುರಿದುಕೊಂಡ. ಹಲ್ಲು ಹಚ್ಚಿದ, ಆಗಲಿಲ್ಲ. ಮಾಳಪ್ಪ ಹೆಬ್ಬೆರಳಿನಿಂದ ಎಲ್ಲೋ ಒತ್ತಿದ, ಗಂಟು ಬಿಟ್ಟುಕೊಂಡಿತು.

“ಎಚ್ಚರಿಕಿ ಕೊಟ್ಟಿದ್ದೇನು?”

“ಮೊನ್ನೆ ಸಂಜಿಕ, ಬೆಂಕಿ ಮುಂದ ಕುಂಡ್ರಿಸಿ ಹೇಳೇನ್ರಿ. ಬಿರುಕು ನಂಬಬ್ಯಾಡ್ರಿ, ರಾಡಿ ನಂಬ್ರಿ ಅಂತ. ಎಲ್ಲಾರ್ಗೂ ಹೇಳೇನಿ.”

ಇಂದ್ರವ್ವ ಸೀರೆಯುಟ್ಟವಳಂತೆ ಪ್ಯಾಂಟನ್ನು ಮೊಣಕಾಲಿಗೆ ಎತ್ತಿಕೊಂಡು, ಬರಿಗಾಲಲ್ಲಿ ಆ ಮಿನುಗುವ ಪಟ್ಟಿಯ ಮೇಲೆ ನಡೆದಳು. ಮಾಳಪ್ಪ ಹೇಳಿದಂತೆ ಹಿಮ್ಮಡ ಮುಳುಗಿತು, ಕೆಳಗೆ ಕಲ್ಲು ಸಿಕ್ಕಿತು. ನಿಜಗುಣಪ್ಪ ಹೂತ ಗುಂಡಿ ಎಡಕ್ಕೆ ಕಾಣುವಲ್ಲಿ, ನೀರು ಆರಿದ ಒಂದು ಮೊಳದಷ್ಟು ಜಾಗ. ಅಲ್ಲಿ ಎರಡು ಹೆಜ್ಜೆ. ಬರಿಗಾಲಿನವು, ಸಣ್ಣವು. ತೂಕ ಆಗಾಗ ಈ ಕಾಲಿಗೆ ಆ ಕಾಲಿಗೆ ಬದಲಾಗಿ, ಅಂಚು ಸವೆದು ಅಗಲವಾದವು. ಯಾರೋ ಇಲ್ಲಿ ಬಹಳ ಹೊತ್ತು ನಿಂತಿದ್ದರು.

ಬಗ್ಗಿ ನೋಡಿದಳು. ಎರಡೂ ಪಾದಗಳ ಎರಡನೆಯ ಬೆರಳಿನ ಬುಡದಲ್ಲಿ ಉಂಗುರದ ಗುರುತು. ಹೆಣ್ಣುಮಕ್ಕಳ ಕಾಲುಂಗುರ.

ಗುಂಡಿಗೂ ಆ ಹೆಜ್ಜೆಗೂ ನಡುವೆ ಎಷ್ಟೆಂದು ಕಣ್ಣಳತೆಯಲ್ಲೇ ಎಣಿಸಿದಳು. ಇಪ್ಪತ್ತು ಹೆಜ್ಜೆ. “ಉಮಾಶ್ರೀ ಕಾಲಾಗ ಏನಿತ್ತೋ ನಿನ್ನೆ?” ಎಂದು ಹಿಂದಕ್ಕೆ ತಿರುಗಿ ಕೂಗಿದಳು.

“ಬೂಟಿತ್ರಿ. ಆ ಅಕ್ಕಾರೂ ಅವರ ಯಜಮಾನ್ರೂ ನನ್ನ ಜೋಡಿ ಆಚೀ ದಂಡ್ಯಾಗ ಇದ್ರು,” ಎಂದ ಮಾಳಪ್ಪ. ಅಷ್ಟು ಹೇಳಿ ನೀರಿನ ಮೇಲೆ ಕೂತಿದ್ದ ಹೆಬ್ಬಾತುಗಳ ಕಡೆ ನೋಡತೊಡಗಿದ. ಹೆಜ್ಜೆ ಯಾರದೆಂದು ಅವನು ಕೇಳಲಿಲ್ಲ.

*

ಬೈಲಹೊಂಗಲದ ಮನೆಯ ಮುಂದೆ ಇನ್ನೂರು ಜನ ಸೇರಿದ್ದರು. ಒಳಗೆ ಭಜನೆ ನಡೆದಿತ್ತು. ಸ್ವಾಮಿಗಳು ಬರುವುದು ತಡವಾಗಿ, ಮಣ್ಣು ಮಾಡುವುದು ನಾಲ್ಕು ಗಂಟೆಗೆ ಹೋಗಿತ್ತು.

ಉಮಾಶ್ರೀ ಹಿತ್ತಲ ಬಾಗಿಲಲ್ಲಿ ಸಿಕ್ಕಳು. ಅತ್ತು ಅತ್ತು ಮೂಗು ಕೆಂಪಗಾಗಿತ್ತು. ಇಂದ್ರವ್ವ ಸಮಾಧಾನ ಹೇಳಲಿಲ್ಲ, ಕೈ ಚಾಚಿದಳು.

“ಮೊಬೈಲ್ ಕೊಡವ್ವಾ. ಮೊನ್ನೆ ಸಂಜಿ ಬೆಂಕಿ ಮುಂದ ಕುಂತಾಗಿನ ಫೋಟೋ.”

ಫೋಟೋದಲ್ಲಿ ಮಾಳಪ್ಪ ನಿಂತು ಹಿನ್ನೀರಿನ ಕಡೆ ಕೈ ತೋರಿಸುತ್ತಿದ್ದ. ರಾಜೇಶ್ವರಿ, ವಿರೂಪಾಕ್ಷ ಕೂತು ಕೇಳುತ್ತಿದ್ದರು. ನಾಲ್ಕನೆಯ ಕುರ್ಚಿ ಖಾಲಿ ಇತ್ತು.

“ಏನ್ ಹೇಳಾಕ ಹತ್ಯಾನ ಅವಾ?”

ಉಮಾಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. “ಬಿರುಕು ನಂಬಬ್ಯಾಡ್ರಿ ಅಂತ… ನಮ್ಮ ಮನಿಯವರು ಅದನ್ನ ಹೇಳಬ್ಯಾಡ ಅಂದ್ರು. ಎಚ್ಚರಿಕಿ ಕೊಟ್ಟಿದ್ದ ಅಂದ್ರ ತಪ್ಪು ಸತ್ತವರ ಮ್ಯಾಲ ಬರತೈತಿ, ಇಷ್ಟು ದೊಡ್ಡ ಒಕ್ಕಲುತನದ ಮನುಷ್ಯಾ ನೆಲ ಗುರ್ತು ಹಿಡೀಲಿಲ್ಲ ಅಂತ ಊರು ನಗತೈತಿ ಅಂದ್ರು.”

“ಹಗ್ಗ?”

“ಅದನ್ನ ನಾವು ನೋಡಿಲ್ರಿ, ದೇವರಾಣಿ.”

“ಊರು ನಗಬಾರ್ದು ಅಂತ ಒಬ್ಬನ್ನ ಜೈಲಿಗೆ ಕಳಸ್ತೀರಿ. ಭಾಳ ಮರ್ಯಾದಸ್ಥರವ್ವಾ ನೀವು,” ಎಂದಳು ಇಂದ್ರವ್ವ. “ಈ ಖಾಲಿ ಕುರ್ಚಿ ಯಾರ್ದು?”

“ನಿಜಗುಣಣ್ಣಾರ್ದು. ಫೋನ್ ಬಂತು ಅಂತ ಆ ಕಲ್ಲುಕಂಬದ ಕಡೆ ಹೋಗಿದ್ರು.”

ಇಂದ್ರವ್ವ ಪಡಸಾಲೆಗೆ ಬಂದಳು. ಗೋಡೆಗೆ ಒರಗಿಸಿ ಕೂಡಿಸಿದ್ದರು ನಿಜಗುಣಪ್ಪನನ್ನು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ, ಮೈಮೇಲೆ ರೇಷ್ಮೆ ಶಾಲು. ಮೂಗಿನ ಹೊಳ್ಳೆಯ ಅಂಚಿನಲ್ಲಿ ತೊಳೆದರೂ ಹೋಗದ ಬೂದು ಹೂಳು. ಬಾಗದಿರಲೆಂದು ಎದೆಗೆ ಸುತ್ತಿ, ಗೋಡೆಯ ಗೂಟಕ್ಕೆ ಬಿಗಿದಿದ್ದರು.

ಬಿಗಿದದ್ದು ಹಗ್ಗದಿಂದ. ಹಗ್ಗದ ಎಳೆಗಳ ನಡುವೆ ಸೀರೆಯ ಕೆಂಪು ಅಂಚು ಹೆಣೆದಿತ್ತು.

ಇಂದ್ರವ್ವ ಬಗ್ಗಿ ಮತ್ತೊಮ್ಮೆ ನೋಡಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ರಾಚವ್ವನನ್ನು ಮೆಲ್ಲಗೆ ಕೇಳಿದಳು. “ಅವ್ವಾ, ಧೋತರದಾಗ ಕಟ್ಟೂದಲ್ಲೇನು ಪದ್ಧತಿ?”

“ಹೌದವ್ವಾ. ನಾವೂ ಅದನ್ನ ತಂದಿದ್ವಿ. ರಾಜೇಶ್ವರಿನ ಈ ಹಗ್ಗ ತಂದು ಕೊಟ್ಲು. ಹಟ ಹಿಡದ್ಲು. ಗಂಡನ್ನ ಕಳಕೊಂಡಾಕಿಗೆ ಏನಂತ ಹೇಳೋದು?”

ಹೊರಗೆ ಬಂದು ಇಂದ್ರವ್ವ ಸವದತ್ತಿ ಠಾಣೆಗೆ ಫೋನು ಹಚ್ಚಿದಳು. ಸಂತೋಷ ತಡೆಯಲಿಲ್ಲ. “ಜಟ್ಟೆಪ್ಪಾ, ಹಗ್ಗ ಸಿಕ್ತು. ಫೋಟೋ ಕಳಸೇನಿ, ಸಾಹೇಬ್ರಿಗೆ ತೋರ್ಸು. ಕೊಟ್ಟ ಮಾತಿನಂಗ ಆ ಮಾಳಪ್ಪನ ಬಿಟ್ಟು, ಒಂದು ಕಪ್ ಚಹಾ ಕುಡಿಸಿ ಕಳಿಸು.”

ಆಮೇಲೆ ಒಂದು ತಾಸು ಕಾಯಬೇಕಾಯಿತು. ಬಂಧುಗಳ ದಂಡು ಬರುವುದು, ಬಾಯಿ ಬಡಿದುಕೊಳ್ಳುವುದು, ಹಾರ ಹಾಕುವುದು ಮುಗಿಯುವ ಹಾಗೇ ಕಾಣಲಿಲ್ಲ. ಕೊನೆಗೆ ಹೆಂಡತಿಯ ಹೇಳಿಕೆ ಬರೆದುಕೊಳ್ಳದೆ ಹೆಣ ಎತ್ತುವಂತಿಲ್ಲ ಎಂದು ಗಂಟಲು ಎತ್ತರಿಸಿದಾಗ ಜನ ಗೊಣಗುತ್ತ ಅಂಗಳಕ್ಕಿಳಿದರು. ಬಾಗಿಲು ಮುಚ್ಚಿತು. ಪಡಸಾಲೆಯಲ್ಲಿ ಉಳಿದವರು ಮೂವರು, ಅವರಲ್ಲೊಬ್ಬ ಮಾತಾಡುವಂತಿರಲಿಲ್ಲ.

*

ರಾಜೇಶ್ವರಿ ಗಂಡನ ಕಾಲ ಬಳಿ ಕೂತಿದ್ದಳು. ನಲವತ್ತೆರಡರ ಹೆಂಗಸು. ಬಳೆ ಇರಲಿಲ್ಲ, ಅಳುವೂ ಇರಲಿಲ್ಲ.

“ತಂಗಿ, ನಿನ್ನೆ ಮುಂಜಾನಿ ಡೇರೇದಾಗ ಮಲಗಿದ್ದೆ ಅಂದಿದ್ದಿ.”

“ಹೌದ್ರಿ.”

“ಕಾಲುಂಗುರ ಯಾವಾಗ ತಗದ್ರು?”

“ನಿನ್ನೆ ಸಂಜಿಕ.”

“ತಗಿಯೂಕಿಂತ ಮುಂಚೆ ಅವು ರಾಡ್ಯಾಗ ಗುರ್ತು ಬಿಟ್ಟಾವ. ನಿನ್ನ ಗಂಡ ಹೂತ ಜಾಗದಿಂದ ಇಪ್ಪತ್ತು ಹೆಜ್ಜಿ ಈಚೆ.”

ರಾಜೇಶ್ವರಿ ತನ್ನ ಬರಿ ಬೆರಳುಗಳನ್ನು ನೋಡಿಕೊಂಡಳು. ಉಂಗುರವಿದ್ದ ಕಡೆ ಚರ್ಮ ಬೆಳ್ಳಗಿತ್ತು. ಸುಳ್ಳು ಹೇಳುತ್ತಾಳೆ ಎಂದು ಇಂದ್ರವ್ವ ತಯಾರಾಗಿದ್ದಳು. ಅವಳು ಹೇಳಲಿಲ್ಲ.

“ಲಗ್ನ ಆಗಿ ಇಪ್ಪತ್ತೆರಡು ವರ್ಷ ಆತ್ರಿ ಅಕ್ಕಾರ. ಒಮ್ಮೆನೂ ‘ಬಾ’ ಅಂತ ಕೈ ಚಾಚಿ ಕರದಿರಲಿಲ್ಲ. ನಿನ್ನೆ ಕರದ್ರು.”

“ಎಲ್ಲಿಗೆ?”

“ಅವರು ಬಿರುಕಿನ ನೆಲದ ಮ್ಯಾಲ ನಿಂತಿದ್ರು. ‘ಅಲ್ಲಿಂದ ನೆಟ್ಟಗ ಬಾ, ಹಕ್ಕಿ ಚಂದ ಕಾಣ್ತಾವ’ ಅಂದ್ರು. ನಡುವ ಆ ಮಿಂಚೂ ರಾಡಿ. ರಾಡಿ ನನ್ನ ನುಂಗತೈತಿ, ತಾವು ನಿಂತದ್ದು ಗಟ್ಟಿ ಅಂತ ತಿಳದಿದ್ರು. ಎರಿ ಹೊಲದ ಲೆಕ್ಕ.”

“ಯಾಕ ಕೊಲ್ಲಬೇಕು ನಿನ್ನ?”

“ರಾಮದುರ್ಗದಾಗ ಇನ್ನೊಬ್ಬಾಕಿನ್ನ ಇಟ್ಕೊಂಡಾರ. ನಾ ಇರೂ ತನಕ ಆಕಿ ಈ ಹೊಸ್ತಿಲ ದಾಟಂಗಿಲ್ಲ. ಅಪ್ಪ ಕೊಟ್ಟ ಚಚಡಿ ಊರಿನ ಹೊಲಾನೂ ನನ್ನ ಹೆಸರಿಗೈತಿ. ಸಹಿ ಮಾಡು ಅಂತ ಬಡದ್ರೂ ಮಾಡಿದ್ದಿಲ್ಲ.”

“ಆ ನೆಲ ನಿಲ್ಲಂಗಿಲ್ಲ ಅಂತ ನಿನಗ ಗೊತ್ತಿತ್ತು. ಮಾಳಪ್ಪ ಹೇಳಿದಾಗ ನೀ ಇದ್ದಿ, ಅವರು ಇರಲಿಲ್ಲ.”

“ಹೌದ್ರಿ.”

“ಗಂಡಗ ಹೇಳಲಿಲ್ಲ.”

“ಅವರು ಕೇಳಲಿಲ್ಲ. ಯಾವತ್ತೂ ಕೇಳಿಲ್ಲ.”

ಅಂಗಳದಲ್ಲಿ ತಾಳದ ಸದ್ದು ನಿಂತು ಮತ್ತೆ ಶುರುವಾಯಿತು. ಇಂದ್ರವ್ವ ಹೆಣದ ಎದೆಯ ಕಡೆ ಬೆರಳು ಮಾಡಿದಳು. “ಈ ಹಗ್ಗ?”

“ನಸುಕಿನ್ಯಾಗ ಅವರ ಬ್ಯಾಗಿನ್ಯಾಗ ಸಿಕ್ತು. ಫೋನ್ ಅಂತ ಹೋಗಿದ್ದು ಇದನ್ನ ತರಾಕಂತ ಆಗ ತಿಳೀತು. ನಾ ಮುಳುಗಿದ್ರ ಯಾರೂ ಎಳಿಬಾರ್ದು, ಅದಕ್ಕ. ತಗೊಂಡು ನನ್ನ ಚೀಲಕ್ಕ ಹಾಕ್ಕೊಂಡೆ.”

“ಅಂದ್ರ ನೀ ಅಲ್ಲೆ ನಿಂತಾಗ…”

“ಹೆಗಲ ಮ್ಯಾಲಿತ್ರಿ.”

ಹತ್ತು ಮಾರು ಹಗ್ಗ, ಇಪ್ಪತ್ತು ಹೆಜ್ಜೆ. ಎಸೆದಿದ್ದರೆ ಅವನ ಕೈ ಸೇರಿ, ಇವಳ ಮೊಣಕೈಗೆ ಎರಡು ಸುತ್ತು ಸುತ್ತಿಕೊಳ್ಳುವಷ್ಟು ಉಳಿಯುತ್ತಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಕೊಡಲಿ ನೋಡಿದ್ದಳು, ವಿಷ ನೋಡಿದ್ದಳು ಇಂದ್ರವ್ವ. ಇದನ್ನು ನೋಡಿರಲಿಲ್ಲ.

“ಎಷ್ಟೊತ್ತು ನಿಂತಿದ್ದಿ?”

“ಅವರು ಸುಮ್ಮನಾಗೂ ತನಕ.”

“ಏನಂದ್ರು?”

“ಮೊದಲ ಬೈದ್ರು. ‘ಹುಚ್ಚರಂಗ ನಿಂತೀ ಯಾಕ, ಯಾರನ್ನರ ಕರಿ’ ಅಂದ್ರು. ಚೀಲದಾಗಿಂದ ಹಗ್ಗ ತಗದು ತೋರ್ಸಿದೆ. ಆಮ್ಯಾಲ ಬೈಲಿಲ್ಲ. ‘ಅವ್ವಾ’ ಅಂದ್ರು, ಅವರವ್ವನ್ನ. ಕಡೀಕ ನನ್ನ ಹೆಸರು ಹಿಡಿದು ಕರದ್ರು. ಅದೂ ಮೊದಲ ಸಲನ. ಹೊಳ್ಳಿ ಹಗ್ಗ ಚೀಲದಾಗ ಇಟ್ಕೊಂಡೆ.” ಗಂಡನ ಕಾಲ ಮೇಲೆ ಬಿದ್ದ ಹೂವೊಂದನ್ನು ಸರಿಸಿದಳು. “ಹಕ್ಕಿ ಮಾತ್ರ ಖರೇನ ಚಂದ ಕಂಡ್ವು.”

ಇಂದ್ರವ್ವನಿಗೆ ಇವಳ ಮೇಲೆ ಅಸಹ್ಯ ಬರಬೇಕಿತ್ತು. ಬಂದದ್ದು ಕನಿಕರ. ಅದಕ್ಕೇ ತನ್ನ ಮೇಲೆ ತನಗೆ ಸಿಟ್ಟು ಬಂತು.

“ಕೊಲಿ ಮಾಡಿಲ್ರಿ ನಾ,” ರಾಜೇಶ್ವರಿ ತಲೆ ಎತ್ತಿದಳು. “ದಬ್ಬಲಿಲ್ಲ, ಕರೀಲಿಲ್ಲ. ಹಗ್ಗ ಒಗೀಲಿಲ್ಲ, ಅಷ್ಟ. ಒಗೀಲಿಲ್ಲ ಅನ್ನೂದಕ್ಕ ಯಾವ ಕಲಂ ಹಾಕ್ತೀರಿ?”

ಇಂದ್ರವ್ವ ಹಗ್ಗದ ಕೆಂಪು ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

“ಹಗ್ಗ ಬೇಕಲ್ರಿ ನಿಮಗ? ಬಿಚ್ಕೋರಿ. ಅವರು ತಂದದ್ದು, ಅವರ ಜೋಡಿನ ಹೋಗ್ಲಿ ಅಂತಿದ್ದೆ.”

ಮಂದಿಯನ್ನು ಕರೆದರೆ ಗದ್ದಲವಾಗುತ್ತದೆ. ಇಂದ್ರವ್ವ ತಾನೇ ಗೂಟದ ಗಂಟಿಗೆ ಕೈ ಹಾಕಿದಳು. ಬಂಧುಗಳು ಹಾಕಿದ ಸಾದಾ ಗಂಟು, ಸುಲಭವಾಗಿ ಸಡಿಲಾಯಿತು. ಕೂಡಲೇ ನಿಜಗುಣಪ್ಪನ ತಲೆ ಜೋಲಿ, ಅವಳ ಹೆಗಲ ಮೇಲೆ ಬಿತ್ತು. ವಿಭೂತಿ ಖಾಕಿಗೆ ಮೆತ್ತಿಕೊಂಡಿತು. ಕಿವಿಯ ಹತ್ತಿರ ತಣ್ಣನೆಯ ಹೂಳಿನ ವಾಸನೆ. ಗಂಡನ ಭುಜ ಹಿಡಿಯಲು ಹೆಂಡತಿ ಏಳಲಿಲ್ಲ. ಇಂದ್ರವ್ವ ಒಬ್ಬಳೇ ಒಂದು ಕೈಯಲ್ಲಿ ಹೆಣ ತಡೆದು, ಇನ್ನೊಂದು ಕೈಯಲ್ಲಿ ಧೋತರ ಸುತ್ತಿ ಬಿಗಿಯಬೇಕಾಯಿತು.

ಬೆವರು ಒರೆಸಿಕೊಂಡು ಹಗ್ಗವನ್ನು ಮೊಣಕೈಗೆ ಸುತ್ತತೊಡಗಿದಳು. ಒಂದು ತುದಿ ಬಂತು. ಎಳೆ ಬಿಚ್ಚದಿರಲೆಂದು ಹಸಿರು ಬಲೆದಾರ ಸುತ್ತಿದ ತುದಿ, ನೀಟಾಗಿತ್ತು. ಸುತ್ತುತ್ತ ಹೋದಳು. ಇನ್ನೊಂದು ತುದಿ ಬಂತು.

ಅದಕ್ಕೂ ಹಸಿರು ಬಲೆದಾರ ಹಾಗೇ ಇತ್ತು. ಅದರ ಒಂದು ಗೇಣು ಕೆಳಗೆ ಹಗ್ಗ ಸೊಟ್ಟಗೆ ಮುರಿದುಕೊಂಡು, ತಿಂಗಳುಗಟ್ಟಲೆ ಬಿಗಿದಿದ್ದ ಗಂಟಿನ ಗುರುತು ಮೂಡಿತ್ತು.

ಯಾರೂ ಕೊಯ್ದಿರಲಿಲ್ಲ. ಬಿಚ್ಚಿದ್ದರು.

ಜಟ್ಟೆಪ್ಪನ ಮುರಿದ ಉಗುರು ನೆನಪಾಯಿತು. ‘ನಾ ಕಟ್ಟಿದ್ದನ್ನ ನಾನ ಬಿಚ್ಚಬೇಕು.’ ಒಂದೇ ಕಣ್ಣಲ್ಲಿ ಹೊಳೆದ ಆ ಹೆಮ್ಮೆ ನೆನಪಾಯಿತು. ಜೈಲಿನ ಬಾಗಿಲಲ್ಲಿ ನಿಂತವನು ತನ್ನ ಗಂಟಿನ ಬಡಾಯಿ ಬಿಡಲಾರದೆ, ತನ್ನ ಮೇಲೆ ತಾನೇ ಸಾಕ್ಷಿ ಹೇಳಿದ್ದ. ಅವಳು ಅದನ್ನು ಕೇಳಿಯೂ ಮುಂದೆ ಹೋಗಿದ್ದಳು.

ಹಾಗಾದರೆ ಕಂಬದ ಕಡೆ ಹೋದ ನಿಜಗುಣಪ್ಪ ನಿಜಕ್ಕೂ ಫೋನಿನಲ್ಲಿ ಮಾತಾಡಲಿಕ್ಕೇ ಹೋಗಿದ್ದನೆ? ಅವನು ಎದ್ದು ಹೋದ ಹೊತ್ತು ನೋಡಿಯೇ ಮಾಳಪ್ಪ ಉಳಿದವರಿಗೆ ಎಚ್ಚರಿಕೆ ಹೇಳಿದನೆ? ಹಗ್ಗ ಬಿಚ್ಚಿ ಇವಳ ಕೈಗೆ ಕೊಟ್ಟವನೂ ಅವನೇ ಏನು? ಮತ್ತು ಈ ಹಗ್ಗ… ಮುಚ್ಚಿಡಬೇಕೆಂದವಳು ಅದನ್ನು ಒಲೆಗೆ ಹಾಕಬಹುದಿತ್ತು, ಬಾವಿಗೆ ಎಸೆಯಬಹುದಿತ್ತು. ಇನ್ನೂರು ಜನರ ಎದುರು, ರೇಷ್ಮೆ ಶಾಲಿನ ಮೇಲೆ, ಕೆಂಪು ಅಂಚು ಎದ್ದು ಕಾಣುವ ಹಾಗೆ ಕಟ್ಟಿಸಿದ್ದಳು. ಪೊಲೀಸರ ಕಣ್ಣಿಗೆ ಬೀಳಲೆಂದು ಕಟ್ಟಿಸಿದ್ದಳು. ಹಗ್ಗ ಸಿಕ್ಕರೆ ಯಾರು ಬಿಡುಗಡೆಯಾಗುತ್ತಾರೆಂದು ಅವಳಿಗೆ ಗೊತ್ತಿತ್ತು.

ಇಂದ್ರವ್ವ ಫೋನು ಒತ್ತಿದಳು.

“ಜಟ್ಟೆಪ್ಪಾ, ಮಾಳಪ್ಪನ ಬಿಡಬ್ಯಾಡ!”

“ಆಗಳೆ ಬಿಟ್ಟೇವಲ್ರಿ ಮೇಡಂ, ನೀವ ಹೇಳಿದ್ರಿ! ಚಹಾ ಸುದ್ದಾ ಕುಡೀಲಿಲ್ಲ. ಬೈಲಹೊಂಗಲ ಬಸ್ ಹತ್ತಿದ. ಆ ಅಕ್ಕಾರ ಕಾಲಿಗೆ ಬಿದ್ದು ಬರತೇನಿ ಅಂದ. ತಾಸಿನ ಮ್ಯಾಲಾತು, ಮುಟ್ಟಿರಬೇಕು.”

ಕಿಟಕಿಯ ಆಚೆ, ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದ ಜನರ ನಡುವೆ ಒಬ್ಬ ನಿಂತಿದ್ದ. ಬಲಗಣ್ಣು ಬಾತು ಮುಚ್ಚಿತ್ತು. ತೆರೆದ ಕಣ್ಣು ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು.

ಇಂದ್ರವ್ವ ಬಾಯಿ ತೆರೆಯುವ ಮೊದಲೇ ರಾಜೇಶ್ವರಿ ಕಿಟಕಿಯ ಕಡೆ ತಿರುಗದೆ, ಗಂಡನ ಶಾಲಿನ ನೆರಿಗೆ ಸರಿಮಾಡುತ್ತ ಕೇಳಿದಳು.

“ಬಂದ್ನೇನ್ರಿ?”